ಎರಡನ್ನು ದಾಟಿ ಮೂರಕ್ಕೆ

ಫೆಬ್ರವರಿ 9

ಮೈದುನರಿಗೆ,

ಕಾಗದದ ತಲೆಯಲ್ಲಿ ಕ್ಷೇಮ ಎಂದು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಬರೆದೆ, ಹೊಡೆದುಹಾಕಿದೆ. ಇದು ಮೂರನೆಯ ಹಾಳೆ.

ನಿಮ್ಮ ಅಣ್ಣ ಹೋಗಿ ಇವತ್ತಿಗೆ ಎಂಬತ್ತಾರು ದಿನ. ಅವರನ್ನು ಕಳಿಸಿಕೊಟ್ಟ ದಿನ ನೀವು ಗೇಟಿನ ಹತ್ತಿರ ನಿಂತಿದ್ದನ್ನು ನೋಡಿದೆ. ಒಳಗೆ ಬರುತ್ತೀರಿ ಎಂದುಕೊಂಡೆ. ಯಾರೋ ಏನೋ ಕೇಳಿದರು, ಉತ್ತರ ಹೇಳಿ ಮತ್ತೆ ತಿರುಗುವಷ್ಟರಲ್ಲಿ ಗೇಟು ಮಾತ್ರ ಇತ್ತು. ದೂರುತ್ತಿಲ್ಲ. ಹನ್ನೊಂದು ವರ್ಷದಿಂದ ಈ ಮನೆಯ ಕಡೆ ತಲೆ ಹಾಕದವರು ಗೇಟಿನವರೆಗೆ ಬಂದಿರಿ. ಅದನ್ನು ಅವತ್ತೇ ದಿನಚರಿಯಲ್ಲಿ ಬರೆದಿಟ್ಟೆ.

ಈಗ ಬರೆಯುತ್ತಿರುವುದು ಕ್ಯಾಮೆರಾದ ವಿಷಯಕ್ಕೆ. ಮುಂದಿನ ಕೋಣೆಯ ಸ್ಟುಡಿಯೋಕ್ಕೆ ಈಗಲೂ ಜನ ಬಂದು ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕು ಎನ್ನುತ್ತಾರೆ. ಇಷ್ಟು ದಿನ ‘ಅವರಿಲ್ಲ’ ಎನ್ನುತ್ತಿದ್ದೆ. ಕೆಲವರು ‘ಎಷ್ಟೊತ್ತಿಗೆ ಬರ್ತಾರೆ?’ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವುದು ಕಷ್ಟ. ಹೋದ ವಾರ ಒಬ್ಬ ಬಸ್ ಕಂಡಕ್ಟರಿಗೆ ‘ಮುಂದಿನ ತಿಂಗಳು ಬನ್ನಿ, ನಾನೇ ತೆಗೆದುಕೊಡ್ತೀನಿ’ ಎಂದುಬಿಟ್ಟೆ. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು.

ಕ್ಯಾಮೆರಾ ಅದೇ, ನೀವಿಬ್ಬರೂ ಹಂಚಿಕೊಂಡು ಬಳಸುತ್ತಿದ್ದದ್ದು. ನನ್ನ ಮಾತು ಕೇಳುವುದಿಲ್ಲ. ಮೇಲಿನ ಬಟನ್ ಅರ್ಧ ಒತ್ತಿದರೆ ಫೋಕಸ್ ಆಗುತ್ತದೆ ಎಂದು ಅದರ ಪುಸ್ತಕದಲ್ಲಿದೆ, ಆಗುವುದಿಲ್ಲ. ಗುಂಡಿಯ ಮೇಲೆ ಒಂದು ಬರೆದಿದೆ, ಒತ್ತಿದರೆ ಇನ್ನೊಂದು ಆಗುತ್ತದೆ. ಕೆಟ್ಟಿದೆಯೇ? ನೀವು ದಿನವೂ ಕ್ಯಾಮೆರಾಗಳನ್ನೇ ಬಿಚ್ಚಿ ಜೋಡಿಸುವವರು, ನಿಮಗೆ ಗೊತ್ತಿರುತ್ತದೆ.

ಫೋನ್ ಮಾಡಬಹುದಿತ್ತು. ಮಾಡಿದರೆ ಅತ್ತುಬಿಡುತ್ತೇನೆ. ಅಲ್ಲದೆ ಕ್ಯಾಮೆರಾಕ್ಕೆ ಎರಡು ಕೈಯೂ ಬೇಕು, ಕಾಗದವಾದರೆ ಮೇಜಿನ ಮೇಲೆ ಹರಡಿಟ್ಟುಕೊಂಡು ನೋಡಬಹುದು.

ನಿಮಗೆ ಹೇಳಬೇಕಾದ್ದು ಇನ್ನೊಂದಿದೆ. ಈ ಕಾಗದದಲ್ಲಿ ಬೇಡ.

ನಿಮ್ಮ ಅತ್ತಿಗೆ


ಫೆಬ್ರವರಿ 21

ಅತ್ತಿಗೆಗೆ,

ಕಾಗದ ತಲುಪಿತು.

ಕ್ಯಾಮೆರಾ ಕೆಟ್ಟಿಲ್ಲ. ಅಣ್ಣ ಗುಂಡಿಗಳ ಕೆಲಸವನ್ನು ತನ್ನ ಕೈಗೆ ಬೇಕಾದಂತೆ ಬದಲಾಯಿಸಿಕೊಂಡಿದ್ದ. ಫೋಕಸನ್ನು ಮೇಲಿನ ಬಟನ್‌ನಿಂದ ಕಿತ್ತು ಹಿಂದೆ, ಹೆಬ್ಬೆರಳಿನ ಕೆಳಗಿರುವ ಬಟನ್‌ಗೆ ಕೊಟ್ಟಿದ್ದಾನೆ. ಹೆಬ್ಬೆರಳಿನಿಂದ ಫೋಕಸ್, ತೋರುಬೆರಳಿನಿಂದ ಫೋಟೋ. ಅಭ್ಯಾಸವಿಲ್ಲದವರಿಗೆ ಕಷ್ಟ.

ಸುಲಭದ ದಾರಿ ಎಲ್ಲವನ್ನೂ ಅಳಿಸುವುದು. ಮೆನು ಒತ್ತಿ, ಹಳದಿ ಬಣ್ಣದ ಪಾನಾದ ಚಿತ್ರಕ್ಕೆ ಹೋಗಿ, ಕೊನೆಯ ಪುಟದಲ್ಲಿ ‘ಕ್ಲಿಯರ್ ಆಲ್’ ಎಂದಿರುತ್ತದೆ. ಓಕೆ ಒತ್ತಿ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗಾಗುತ್ತದೆ. ನಮ್ಮ ಸರ್ವಿಸ್ ಕೌಂಟರಿನಲ್ಲಿ ದಿನಕ್ಕೆ ಹತ್ತು ಕ್ಯಾಮೆರಾಕ್ಕೆ ನಾನು ಇದನ್ನೇ ಮಾಡುತ್ತೇನೆ.

ಇನ್ನೊಂದು ಮಾತು. ನೀವು ನನ್ನನ್ನು ‘ನೀವು’ ಎಂದು ಬರೆದಿದ್ದೀರಿ. ನನ್ನ ಸ್ಕೂಲ್ ಅಂಗಿಗೆ ಗುಂಡಿ ಹಾಕಿಕೊಟ್ಟವರು ನೀವು. ಹೀಗೆ ಬರೆದರೆ ಬೇರೆ ಯಾರದೋ ಕಾಗದ ಒಡೆದ ಹಾಗಾಗುತ್ತದೆ.

ಮೈದುನ


ಮಾರ್ಚ್ 4

ಮರಿ,

ಸರಿ, ನಿಮ್ಮಣ್ಣ ಕರೆಯುತ್ತಿದ್ದ ಹಾಗೇ ಕರೆಯುತ್ತೇನೆ. ನಲವತ್ತಾರು ವರ್ಷದವನನ್ನು ಹೀಗೆ ಕರೆದರೆ ನಿನ್ನ ಕೌಂಟರಿನವರು ನಗಬಹುದು, ಅವರಿಗೆ ತೋರಿಸಬೇಡ.

ನೀನು ಬರೆದ ಹಾಗೆ ಮೆನು ಒತ್ತಿದೆ. ಹಳದಿ ಪಾನಾ ಸಿಕ್ಕಿತು. ಕೊನೆಯ ಪುಟವೂ ಸಿಕ್ಕಿತು. ಓಕೆ ಮೇಲೆ ಬಣ್ಣ ಬಂದು ನಿಂತಿತು. ಬೆರಳಿಟ್ಟೆ. ಒತ್ತಲಿಲ್ಲ.

ಅವರ ಕನ್ನಡಕ ಕೊಟ್ಟುಬಿಟ್ಟೆ. ಅಂಗಿಗಳನ್ನು ಕೊಟ್ಟುಬಿಟ್ಟೆ. ಒಂದು ಅಂಗಿ ಬೀದಿಯಲ್ಲಿ ನನ್ನ ಮುಂದೆಯೇ ನಡೆದುಹೋಯಿತು, ತಡೆದುಕೊಂಡೆ. ಆದರೆ ಅವರ ಹೆಬ್ಬೆರಳು ಎಲ್ಲಿ ಕೂರುತ್ತಿತ್ತು ಎನ್ನುವುದನ್ನು ನೆನಪಿಟ್ಟುಕೊಂಡಿರುವುದು ಇದೊಂದೇ. ನಾನೇ ಅದರ ಮಾತು ಕಲಿಯುತ್ತೇನೆ. ಈಗ ನಾಲ್ಕು ದಿನದಿಂದ ಹೆಬ್ಬೆರಳಿನಲ್ಲೇ ಫೋಕಸ್ ಮಾಡುತ್ತಿದ್ದೇನೆ. ಬಾಗಿಲಿನ ಚಿಲಕ, ನೀರಿನ ಹೂಜಿ, ಎದುರು ಮನೆಯ ಬೆಕ್ಕು. ಬೆಕ್ಕು ಒಪ್ಪುವುದಿಲ್ಲ.

ಅರ್ಥವಾಗದ್ದು ಇವು. ಮೇಲಿನ ಡಯಲ್‌ನಲ್ಲಿ 1, 2, 3 ಎಂದು ಅಂಕಿಗಳಿವೆ. ಪ್ರತಿ ಅಂಕಿಗೂ ಕ್ಯಾಮೆರಾದ ನಡವಳಿಕೆಯೇ ಬದಲಾಗುತ್ತದೆ. ಎರಡರಲ್ಲಿಟ್ಟು ನಾನು ಏನು ಬದಲಾಯಿಸಿದರೂ, ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹಳೆಯದೇ ಆಗಿರುತ್ತದೆ. ಎಡಬ್ಲ್ಯೂಬಿ ಎಂದು ಒಂದು ಕಡೆ ಬರುತ್ತದೆ, ಯಾರ ಇನಿಶಿಯಲ್ಲೋ ತಿಳಿಯದು, ನಿಮ್ಮಣ್ಣನದಂತೂ ಅಲ್ಲ. ಫೋಟೋ ತೆಗೆದ ಮೇಲೆ ಅದು ತೆರೆಯ ಮೇಲೆ ಬರುವುದೇ ಇಲ್ಲ. ಡಯಲ್ ತಿರುಗದ ಹಾಗೆ ಅದರ ಅಂಚಿಗೆ ಅವರು ಹಚ್ಚಿದ ಕಪ್ಪು ಟೇಪಿನ ತುಂಡಿದೆ. ತಿರುಗಿಸಬೇಕಾದಾಗಲೆಲ್ಲ ಅದನ್ನು ಬಿಡಿಸಿ ಮತ್ತೆ ಅಂಟಿಸುತ್ತೇನೆ, ಅವರು ಮಾಡುತ್ತಿದ್ದ ಹಾಗೆ.

ಅತ್ತಿಗೆ


ಮಾರ್ಚ್ 15

ಅತ್ತಿಗೆ,

ಓಕೆ ಒತ್ತಲಿಲ್ಲ ಎಂದು ಓದಿ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡೆ. ಎಲ್ಲ ಅಳಿಸಿ ಎಂದು ಬರೆದ ನನ್ನ ಕಾಗದವನ್ನು ಪೋಸ್ಟ್ ಮಾಡಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಯಾಕೆ ಹಾಗೆ ಬರೆದೆನೋ. ಸಿಟ್ಟು ಇರಬೇಕು.

ಎಡಬ್ಲ್ಯೂಬಿ ಮನುಷ್ಯನಲ್ಲ. ಬಿಳಿ ಬಣ್ಣ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ತಾನೇ ನೋಡಿಕೊಳ್ಳುವುದಕ್ಕೆ ಆ ಹೆಸರು. ನಾನು ಕೌಂಟರಿನಲ್ಲಿ ಇದನ್ನು ಹೇಳಿದೆ, ಈಗ ಎಲ್ಲರೂ ಎಡಬ್ಲ್ಯೂಬಿ ಸಾಹೇಬರು ಬಂದರಾ ಎಂದು ಕೇಳುತ್ತಾರೆ.

1, 2, 3 ಎಂದರೆ ಮೂರು ಗೂಡುಗಳು. ನಿಮಗೆ ಬೇಕಾದ ಹಾಗೆ ಎಲ್ಲವನ್ನೂ ಹೊಂದಿಸಿ, ಮೆನುವಿನಲ್ಲಿ ‘ರಿಜಿಸ್ಟರ್’ ಒತ್ತಿದರೆ ಆ ಗೂಡಿನಲ್ಲಿ ಉಳಿಯುತ್ತದೆ. ರಿಜಿಸ್ಟರ್ ಮಾಡದೆ ಏನು ತಿದ್ದಿದರೂ ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ, ಮೊದಲು ಇಟ್ಟವನದೇ ಮತ್ತೆ ಬರುತ್ತದೆ. ಕ್ಯಾಮೆರಾ ಕೊಂಡ ದಿನವೇ ಹಂಚಿಕೊಂಡಿದ್ದೆವು. ಒಂದು ಅಣ್ಣನದು, ಎರಡು ನನ್ನದು, ಮೂರು ಖಾಲಿ. ನನ್ನ ಎರಡರಲ್ಲಿ ಅಂಕಿಗಳನ್ನು ಏರಿಸಿ ಇಳಿಸುವ ಚಕ್ರಗಳು ಉಲ್ಟಾ ತಿರುಗುತ್ತವೆ, ನನಗೆ ಹಾಗೇ ಅಭ್ಯಾಸ. ‘ನೀನು ನಲ್ಲಿನೂ ಉಲ್ಟಾ ತಿರುಗಿಸೋನು’ ಎಂದು ಅಣ್ಣ ಆಡಿಕೊಳ್ಳುತ್ತಿದ್ದ.

ತೆಗೆದ ಫೋಟೋ ಕಾಣದಿರುವುದಕ್ಕೂ ಅಣ್ಣನೇ ಕಾರಣ. ಫಿಲ್ಮ್ ಕಾಲದವನು. ‘ತೆಗೆದ್ಮೇಲೆ ನೋಡ್ತೀಯ ಅಂದ್ರೆ ತೆಗೆಯೋವಾಗ ನೋಡ್ಲಿಲ್ಲ ಅಂತ ಅರ್ಥ’ ಎನ್ನುತ್ತಿದ್ದ, ನನ್ನ ಎರಡರಲ್ಲೂ ಅದನ್ನು ಆಫ್ ಮಾಡಿಸಿದ್ದ. ಕೆಂಪು ಮೆನುವಿನ ಮೊದಲ ಪುಟದಲ್ಲಿ ‘ಇಮೇಜ್ ರಿವ್ಯೂ’ ಎಂದಿದೆ. ಆಫ್ ಇರುವುದನ್ನು ಎರಡು ಸೆಕೆಂಡ್ ಎಂದು ಮಾಡಿ. ದಯವಿಟ್ಟು ಮಾಡಿ.

ಆ ಎರಡು ಸೆಕೆಂಡ್ ಅವತ್ತು ಇದ್ದಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ, ಅಲ್ಲೇ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದೆ. ಗಾಜಿನ ಕಾರ್ಖಾನೆಯ ಕೊನೆಯ ದಿನ. ಕುಲುಮೆ ಆರಿಸುವ ಮುಂಚೆ ಅದರ ಮುಂದೆ ಇನ್ನೂರ ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು. ಡಯಲ್ ಎರಡರಲ್ಲಿತ್ತು; ಆ ನನ್ನ ಗೂಡು ಸ್ಟುಡಿಯೋದ ಫ್ಲ್ಯಾಶಿಗೆ ಹೊಂದಿಸಿದ್ದು, ಆ ಹಾಲ್‌ನ ಬೆಳಕಿಗೆ ಕತ್ತಲನ್ನೇ ಕೊಡುವಂಥದ್ದು. ಅಣ್ಣ ಒಂದರಲ್ಲಿದೆ ಎಂದು ನಂಬಿ ಹನ್ನೆರಡು ಸಲ ಒತ್ತಿದ, ಒಂದು ಸಲವೂ ಹಿಂದೆ ನೋಡಲಿಲ್ಲ. ಸಂಜೆ ಕಂಪ್ಯೂಟರಿಗೆ ಹಾಕಿದರೆ ಹನ್ನೆರಡೂ ಕಪ್ಪು, ನಡುವೆ ಕುಲುಮೆಯ ಬಾಯಿ ಮಾತ್ರ ಕೆಂಪು ಚುಕ್ಕೆ. ಅಷ್ಟರಲ್ಲಿ ಕಾರ್ಖಾನೆಗೆ ಬೀಗ ಬಿದ್ದಿತ್ತು, ಜನ ಊರೂರಿಗೆ ಹೋಗಿದ್ದರು.

ಹಿಂದಿನ ಸಂಜೆ ಎರಡನ್ನು ಬಳಸಿದವನು ನಾನು. ‘ಎರಡರಲ್ಲೇ ಬಿಟ್ಟಿದ್ದೀಯ’ ಎಂದ. ‘ಒಂದಕ್ಕೆ ತಂದಿಟ್ಟಿದ್ದೆ’ ಎಂದೆ. ‘ಹಾಗಾದ್ರೆ ಡಯಲ್‌ಗೆ ಕಾಲು ಬಂತಾ?’ ಎಂದ. ನೀವು ಅಡುಗೆಮನೆಯಲ್ಲಿದ್ದಿರಿ, ನಿಮಗೆ ಕೇಳಿಸಿರುತ್ತದೆ.

ಇರಲಿ. ಒಂದು, ಎರಡು, ಮೂರರಲ್ಲಿ ಏನೇನು ಕಾಣುತ್ತದೆ ಎಂದು ಬರೆಯಿರಿ. ಯಾವುದನ್ನು ಬಳಸಬೇಕು ಎಂದು ಹೇಳುತ್ತೇನೆ.

ಮರಿ


ಮಾರ್ಚ್ 30

ಮರಿ,

ಕನ್ನಡಕ ಹಾಕಿಕೊಂಡು, ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಒಂದು: ಎ ವಿ ಎಂದಿದೆ. ಉಳಿದ ಅಂಕಿಗಳು ನಿಲ್ಲುವುದಿಲ್ಲ. ಕಿಟಕಿಯ ಕಡೆ ಹಿಡಿದರೆ ಒಂದು, ಗೋಡೆಯ ಕಡೆ ಹಿಡಿದರೆ ಇನ್ನೊಂದು.

ಎರಡು: ಎಂ ಎಂದಿದೆ. 125. 8. 100. ಮಿಂಚಿನ ಗುರುತು. ಎಸ್ ಅಕ್ಷರ. ಎಲ್ಲಿ ಹಿಡಿದರೂ ಅಂಕಿಗಳು ಅಲ್ಲಾಡುವುದಿಲ್ಲ, ಮುನಿಸಿಕೊಂಡು ಕೂತವರ ಹಾಗೆ. ಚಕ್ರ ಬಲಕ್ಕೆ ತಿರುಗಿಸಿದರೆ ಅಂಕಿ ಇಳಿಯುತ್ತದೆ.

ಮೂರು: ಎಂ. 125. 8. 100. ಮಿಂಚಿನ ಗುರುತು. ಎಸ್ ಅಕ್ಷರ. ಚಕ್ರ ಬಲಕ್ಕೆ ತಿರುಗಿಸಿದರೆ ಅಂಕಿ ಏರುತ್ತದೆ.

ಎರಡು ಸಲ ನೋಡಿ ಬರೆದಿದ್ದೇನೆ. ನೀನು ಖಾಲಿ ಎಂದಿದ್ದೆ, ಮೂರು ಖಾಲಿ ಇಲ್ಲ. ಅವರು ಪಾಸ್‌ಪೋರ್ಟ್ ಫೋಟೋ ತೆಗೆಯುವಾಗೆಲ್ಲ ಟೇಪು ಬಿಡಿಸಿ ಒಂದರಿಂದ ಮೂರಕ್ಕೆ ತಿರುಗಿಸುತ್ತಿದ್ದರು, ಮುಗಿದ ಮೇಲೆ ಒಂದಕ್ಕೆ ತಂದು ಟೇಪು ಹಚ್ಚುತ್ತಿದ್ದರು. ಅದು ನನಗೆ ನೆನಪಿದೆ. ಹಾಗಾಗಿ ನಾನೂ ಮೂರರಲ್ಲೇ ಮಾಡಿದೆ.

ಹೌದು, ಮಾಡಿದೆ. ಕಂಡಕ್ಟರ್ ಹೇಳಿದ ತಿಂಗಳಿಗೆ ಸರಿಯಾಗಿ ಬಂದರು. ಬಿಳಿ ಪರದೆ ಇಳಿಸಿ, ಎರಡೂ ದೀಪ ಹಚ್ಚಿ, ಸ್ಟೂಲನ್ನು ನೆಲದ ಮೇಲಿನ ಗುರುತಿಗೆ ಇಟ್ಟೆ. ಗುರುತು ಅವರು ಹಾಕಿದ್ದು, ಸವೆದಿದೆ.

‘ಅಮ್ಮಾ, ನಗಬೇಕಾ?’ ಎಂದರು.

‘ಬೇಡಿ, ಗುರುತಿನ ಚೀಟಿಗೆ.’

‘ಹಾಗಾದ್ರೆ ಸುಲಭ. ಮೂವತ್ತು ವರ್ಷ ಬಸ್ಸಲ್ಲಿ ಇದೇ ಮುಖ ಇಟ್ಕೊಂಡಿದೀನಿ.’

ಮೂರು ಫೋಟೋ ತೆಗೆದೆ. ಎರಡರಲ್ಲಿ ಕಣ್ಣು ಮುಚ್ಚಿದ್ದವು, ಒಂದು ಸರಿಯಾಗಿತ್ತು. ಅವು ಹೇಗಿವೆಯೆಂದು ನನಗೆ ಗೊತ್ತಾದದ್ದು ಪ್ರಿಂಟ್ ಹಾಕುವಾಗ. ರಿವ್ಯೂ ಇನ್ನೂ ಆನ್ ಮಾಡಿಲ್ಲ. ಮಾಡುವುದಕ್ಕೆ ಕೈ ಹೋಗುತ್ತದೆ, ಆಫ್ ಎಂದು ಇಟ್ಟವರು ಅವರಲ್ಲವೇ ಎನಿಸಿ ಹಿಂದಕ್ಕೆ ಬರುತ್ತದೆ.

ಅತ್ತಿಗೆ


ಏಪ್ರಿಲ್ 8

ಅತ್ತಿಗೆ,

ನೀವು ಬರೆದ ಹಾಳೆಯನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ನೋಡಿ ನೋಡಿ ಬಾಯಿಪಾಠವಾಗಿದೆ.

ಮೂರು ಎಂದರೆ ಎರಡೇ. ಅಂಕಿಗೆ ಅಂಕಿ ಸರಿ. ಒಂದೇ ವ್ಯತ್ಯಾಸ, ಚಕ್ರದ ದಿಕ್ಕು. ನನ್ನದನ್ನು ನೋಡಿಕೊಂಡು ತನ್ನ ಕೈಗೆ ಹೊಂದುವಂತೆ ಮೂರರಲ್ಲಿ ನಕಲು ಮಾಡಿಟ್ಟಿದ್ದಾನೆ.

ಇದು ಬೇಕಿರಲಿಲ್ಲ. ನಾನು ಹೋದ ಮೇಲೆ ಎರಡು ಯಾರಿಗೂ ಬೇಡವಾಗಿತ್ತು. ಅದರಲ್ಲೇ ದಿಕ್ಕು ಬದಲಾಯಿಸಿ ರಿಜಿಸ್ಟರ್ ಒತ್ತಿದ್ದರೆ ಅರ್ಧ ನಿಮಿಷದ ಕೆಲಸ. ಬಾಗಿದ ಮೊಳೆಯನ್ನೂ ನೆಟ್ಟಗೆ ಮಾಡಿ ಬಳಸುವವನು ಅಣ್ಣ, ಇರುವ ಮೂರು ಗೂಡಿನಲ್ಲಿ ಒಂದನ್ನು ಹನ್ನೊಂದು ವರ್ಷ ಸುಮ್ಮನೆ ಬಿಟ್ಟ. ನಾನು ಹೋದ ಸಂಜೆ ಹೇಗಿತ್ತೋ ಹಾಗೇ.

ಡಯಲ್‌ನಲ್ಲಿ ಒಂದರಿಂದ ಮೂರಕ್ಕೆ ಹೋಗಬೇಕಾದರೆ ಎರಡನ್ನು ದಾಟಿಯೇ ಹೋಗಬೇಕು. ಬರುವಾಗಲೂ ದಾಟಬೇಕು. ದಿನಕ್ಕೆ ಎಷ್ಟು ಜನ ಬರುತ್ತಿದ್ದರು, ಐದು? ಆರು? ಅಷ್ಟು ಸಲ ನನ್ನನ್ನು ದಾಟಿದವನಿಗೆ ಒಂದು ಸಲ ನಿಂತು ಎರಡು ಸಾಲು ಬರೆಯಲು ಆಗಲಿಲ್ಲವೇ? ಇದನ್ನು ನಾನು ಯಾರನ್ನು ಕೇಳಲಿ?

ಟೇಪಿನ ವಿಷಯವೂ ಅರ್ಥವಾಗುತ್ತಿಲ್ಲ. ನಾನಿದ್ದಾಗ ಟೇಪು ಇರಲಿಲ್ಲ. ನಾನು ಹೋದ ಮೇಲೆ ಆ ಡಯಲ್ ಮುಟ್ಟುವವನು ಅವನೊಬ್ಬನೇ. ಮರೆತು ತಿರುಗಿಸಲು ಬೇರೆ ಕೈಯೇ ಇಲ್ಲದ ಮನೆಯಲ್ಲಿ ಟೇಪು ಯಾತಕ್ಕೆ? ಅದನ್ನು ಯಾವಾಗ ಹಚ್ಚಿದ, ನಿಮಗೇನಾದರೂ ಹೇಳಿದನೇ?

ಬೇಗ ಬರೆಯಿರಿ.

ಮರಿ


ಜೂನ್ 2

ಮರಿ,

ಬೇಗ ಬರೆಯಿರಿ ಎಂದಿದ್ದೆ ನೀನು. ಎಂಟು ವಾರವಾಯಿತು. ನೀನು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಮೊದಲಿನಿಂದಲೂ ಇತ್ತು. ಮೊದಲ ಕಾಗದದಲ್ಲಿ ಬೇಡ ಎಂದು ಬಿಟ್ಟ ಮಾತು ಇದೇ.

ಆ ದಿನ ಬೆಳಗ್ಗೆ, ಬ್ಯಾಗಿಗೆ ಹಾಕುವ ಮುಂಚೆ, ಕ್ಯಾಮೆರಾ ಒರೆಸಿದವಳು ನಾನು. ದೊಡ್ಡ ಕೆಲಸದ ದಿನ, ಅಷ್ಟು ಜನರ ಮುಂದೆ ಹೋಗುತ್ತದೆ, ಚೆನ್ನಾಗಿ ಕಾಣಲಿ ಎಂದು. ನೀವಿಬ್ಬರೂ ಸ್ಟ್ಯಾಂಡ್ ಹುಡುಕುತ್ತಿದ್ದಿರಿ. ಡಯಲ್‌ನ ಹಲ್ಲುಗಳ ನಡುವೆ ಧೂಳು ಕೂತಿತ್ತು. ಬಟ್ಟೆಯ ಅಂಚನ್ನು ಉಗುರಿಗೆ ಸುತ್ತಿ ತೀಡಿದೆ. ಬಟ್ಟೆಯ ಕೆಳಗೆ ಕಟಕ್ ಎಂದು ಬೆರಳಿಗೆ ಗೊತ್ತಾಯಿತು. ಒಂದೇ ಸಲ. ಅದರ ಮೇಲೆ ಅಂಕಿಗಳಿರುವುದು ಗೊತ್ತಿತ್ತು, ಅವು ಯಾತಕ್ಕೆಂದು ಗೊತ್ತಿರಲಿಲ್ಲ.

ಸಂಜೆ ನೀವು ಮುಂದಿನ ಕೋಣೆಯಲ್ಲಿ ಕೂಗಾಡುವಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ‘ಡಯಲ್‌ಗೆ ಕಾಲು ಬಂತಾ’ ಎಂದಾಗ ಆ ಕಟಕ್ ಮತ್ತೆ ಬೆರಳಿಗೆ ಬಂತು. ಹತ್ತು ಹೆಜ್ಜೆ ನಡೆದು ಬಂದು ಹೇಳಬೇಕಿತ್ತು. ನಲ್ಲಿ ನಿಲ್ಲಿಸಿ ಹೋಗೋಣ ಎಂದುಕೊಂಡೆ. ನಲ್ಲಿ ನಿಲ್ಲಿಸಿದೆ. ಕೈ ಒರೆಸಿಕೊಂಡೆ. ಅಷ್ಟರಲ್ಲಿ ಬಾಗಿಲು ಬಡಿದ ಶಬ್ದ ಕೇಳಿಸಿತು.

ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಆಗಲಿಲ್ಲ. ನಾಡಿದ್ದು ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ತಪ್ಪು ಎರಡಾಗುತ್ತದೆ. ವಾರ ಕಳೆದರೆ ಎಂಟಾಗುತ್ತದೆ. ಹೀಗೆ ಲೆಕ್ಕ ಹಾಕುತ್ತಲೇ ಇದ್ದೆ.

ಎಂಟನೆಯ ದಿನವೇ ಅವರು ಟೇಪು ಹಚ್ಚಿದ್ದು. ನಾನು ಎಂದಿನಂತೆ ಕ್ಯಾಮೆರಾ ಒರೆಸಲು ಕೈಗೆ ತೆಗೆದುಕೊಂಡಿದ್ದೆ. ಮೆಲ್ಲಗೆ ಕೈಯಿಂದ ತೆಗೆದುಕೊಂಡು, ‘ಮೇಲಿನ ಈ ಚಕ್ರ ಇನ್ಮೇಲೆ ನಾನೇ ಒರೆಸ್ಕೊತೀನಿ ಬಿಡು’ ಎಂದರು. ಅಷ್ಟೇ ಮಾತು. ನನ್ನ ಮುಖ ನೋಡಲಿಲ್ಲ. ನೋಡದೇ ಇದ್ದುದರಿಂದಲೇ ಅವರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

ಅವರು ಒಂದು ದಿನವೂ ಕೇಳಲಿಲ್ಲ. ನಾನು ಒಂದು ದಿನವೂ ಹೇಳಲಿಲ್ಲ. ಚೆನ್ನಾಗಿಯೇ ಇದ್ದೆವು, ಮರಿ. ಜಗಳವಿರಲಿಲ್ಲ. ಅವರು ಕಾಗದ ಬರೆಯಲು ಕೂತದ್ದನ್ನು ಎರಡು ಸಲ ನೋಡಿದ್ದೇನೆ. ನಿನಗೆ ಬರೆಯಬೇಕಾದರೆ ತಪ್ಪು ನಿನ್ನದಲ್ಲ ಎಂದು ಬರೆಯಬೇಕು. ನಿನ್ನದಲ್ಲ ಎಂದರೆ ಯಾರದು ಎಂದು ಬರೆಯಬೇಕು. ಪೆನ್ನಿಗೆ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದರು. ನನ್ನ ಮಾನ ಉಳಿಸಿದರು. ಅದಕ್ಕೆ ಬದಲಾಗಿ ನಿನ್ನನ್ನು ಬಿಟ್ಟುಕೊಟ್ಟರು. ಅವರು ಹಾಗೆ ಮಾಡುವುದಕ್ಕೆ ನಾನೂ ಬಿಟ್ಟೆ.

ಎರಡನ್ನು ಅವರು ಯಾಕೆ ಮುಟ್ಟಲಿಲ್ಲ ಎಂದು ನೀನು ಕೇಳಿದ್ದೆ. ಅವರ ಕೈಯಲ್ಲಿ ಉಳಿದಿದ್ದ ನಿನ್ನ ಜಾಗ ಅದೊಂದೇ.

ಇದಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ.

ಅತ್ತಿಗೆ


ಜುಲೈ 11

ಮರಿ,

ಬರೆಯಲೇಬೇಕೆಂದಿಲ್ಲ ಎಂದವಳು ನಾನೇ. ಆದರೂ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಇದು ಕಾಯುತ್ತಿದ್ದೇನೆಂದು ಹೇಳಲು ಬರೆದದ್ದಲ್ಲ. ನಡೆದದ್ದೊಂದನ್ನು ನಿನಗೆ ತಿಳಿಸಬೇಕು.

ನಿನ್ನೆ ಒಬ್ಬ ಮುದುಕರು ಪಿಂಚಣಿಯ ಫೋಟೋಕ್ಕೆ ಬಂದರು. ಅಂಗೈ ತುಂಬ ಹಳೆಯ ಸುಟ್ಟ ಕಲೆ. ಸ್ಟೂಲ್ ಮೇಲೆ ಕೂತು, ‘ಇಲ್ಲಿಯವರೇ ಅಲ್ವಾ ನಮ್ಮ ಗ್ಲಾಸ್ ಫ್ಯಾಕ್ಟರಿ ಫೋಟೋ ತೆಗೆದಿದ್ದು?’ ಎಂದರು. ಹೌದೆಂದೆ.

‘ನಾನು ಮೂರನೇ ಸಾಲು. ಎಡಗಡೆಯಿಂದ ಆರನೇವನು.’

‘ಆ ಫೋಟೋ ಬರಲಿಲ್ಲ, ಯಜಮಾನ್ರೇ.’

‘ಬರ್ಲಿಲ್ಲ ಅಂತ ಗೊತ್ತು. ಅದಕ್ಕೇ ಜಾಗ ಇಷ್ಟು ಚೆನ್ನಾಗಿ ನೆನಪಿದೆ. ಬಂದಿದ್ರೆ ಗೋಡೆಗೆ ಹಾಕಿ ಮರೀತಿದ್ದೆ.’

ಅವರಿಗೆ ಹೇಳಿದೆ. ಡಯಲ್ ತಿರುಗಿಸಿದ್ದು ನಾನು, ಒರೆಸುವಾಗ, ಎಂದು. ಗಟ್ಟಿಯಾಗಿ ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಅವರು ಅಂಗಿಯ ಕಾಲರ್ ಸರಿಮಾಡಿಕೊಂಡರು.

‘ನೀವು ಒರೆಸ್ದೇ ಇದ್ರೂ ಫ್ಯಾಕ್ಟರಿ ಮುಚ್ತಿತ್ತು, ತಾಯಿ’ ಎಂದರು. ‘ಈಗ ಇದನ್ನಾದ್ರೂ ಸರಿಯಾಗಿ ತೆಗೀರಿ.’

ತೆಗೆದೆ. ಎದ್ದು ಬಂದು ಕ್ಯಾಮೆರಾದ ಹಿಂದೆ ನಿಂತುಕೊಂಡರು. ‘ತೋರ್ಸಿ ನೋಡೋಣ, ಈ ಸಲ ನಾನು ಬಂದಿದೀನಾ ಅಂತ.’

ತೋರಿಸೋಣವೆಂದರೆ ರಿವ್ಯೂ ಆಫ್ ಇತ್ತು. ಅವರನ್ನು ನಿಲ್ಲಿಸಿಕೊಂಡೇ ಕೆಂಪು ಮೆನುವಿಗೆ ಹೋದೆ. ಎರಡು ಸೆಕೆಂಡ್ ಎಂದು ಮಾಡಿದೆ. ನೀನು ಬರೆದ ಹಾಗೆ ರಿಜಿಸ್ಟರ್ ಕೂಡ ಒತ್ತಿದೆ, ಮೂರಕ್ಕೆ. ಮತ್ತೆ ಅವರನ್ನು ಕೂರಿಸಿ ತೆಗೆದೆ. ಮುಖ ಬಂತು, ಎರಡು ಸೆಕೆಂಡ್ ನಿಂತು ಹೋಯಿತು. ‘ಇದೀನಿ’ ಎಂದರು.

ಅವರು ಹೋದ ಮೇಲೆ ಎರಡರಲ್ಲೂ ರಿವ್ಯೂ ಆನ್ ಮಾಡಿ ನೋಡಿದೆ. ರಿಜಿಸ್ಟರ್ ಒತ್ತಲಿಲ್ಲ. ಅದು ನಿನ್ನದು, ನಿನ್ನನ್ನು ಕೇಳದೆ ಮಾಡುವುದಿಲ್ಲ. ಆಫ್ ಮಾಡಿ ಆನ್ ಮಾಡಿದೆ, ಮತ್ತೆ ನಿನ್ನದೇ ಆಯಿತು.

ಅತ್ತಿಗೆ


ಆಗಸ್ಟ್ 18

ಅತ್ತಿಗೆ,

ಜೂನ್ ಎರಡರ ಕಾಗದಕ್ಕೆ ಇವತ್ತು ಹನ್ನೊಂದು ವಾರ. ಹನ್ನೊಂದು ವರ್ಷಕ್ಕೆ ಹನ್ನೊಂದು ವಾರ ಹೆಚ್ಚಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲು ಅಣ್ಣನ ಮೇಲೆ ಸಿಟ್ಟು ಬಂತು. ಆಮೇಲೆ ನಿಮ್ಮ ಮೇಲೆ. ಸಿಟ್ಟಿನಲ್ಲಿ ಬರೆದ ಎರಡು ಕಾಗದ ಹರಿದುಹಾಕಿದೆ. ಅವುಗಳಲ್ಲಿ ಇದ್ದದ್ದನ್ನು ನೀವೇ ಊಹಿಸಿಕೊಳ್ಳಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಮೊದಲ ವರ್ಷ ಯಾರು ಕೇಳಿದರೂ ಡಯಲನ್ನು ಒಂದಕ್ಕೆ ತಂದಿಟ್ಟಿದ್ದೆ ಎನ್ನುತ್ತಿದ್ದೆ. ಮೂರನೆಯ ವರ್ಷಕ್ಕೆ ಇಟ್ಟಿದ್ದೆನೇ ಎಂದು ಅನುಮಾನ ಬಂತು. ಐದನೆಯ ವರ್ಷಕ್ಕೆ ನಾನೇ ಬಿಟ್ಟಿರಬೇಕು ಎಂದು ನಂಬಿಬಿಟ್ಟೆ. ನನ್ನ ಬೆರಳು ಡಯಲನ್ನು ಎರಡರ ಮೇಲೆಯೇ ಬಿಟ್ಟು ಹೋಗುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಆಗದೇ ಇದ್ದದ್ದು, ಅಷ್ಟು ಸ್ಪಷ್ಟವಾಗಿ. ಅಲ್ಲಿಂದೀಚೆಗೆ ಯಾವ ಗಿರಾಕಿಗೆ ಕ್ಯಾಮೆರಾ ವಾಪಸ್ ಕೊಡುವಾಗಲೂ ಡಯಲ್ ನೋಡಿ, ಇನ್ನೊಂದು ಸಲ ನೋಡಿ, ಬಾಗಿಲವರೆಗೆ ಹೋದವರನ್ನು ಕರೆದು ಮತ್ತೆ ನೋಡುತ್ತೇನೆ. ಕೌಂಟರಿನಲ್ಲಿ ನನ್ನ ಹೆಸರೇ ‘ಇನ್ನೊಂದ್ಸಲ’. ‘ಏ ಇನ್ನೊಂದ್ಸಲ, ಟೀ ಬಂತು’ ಎಂದು ಕೂಗುತ್ತಾರೆ.

ಅವತ್ತು ಗೇಟಿನವರೆಗೆ ಬಂದದ್ದು ಅದಕ್ಕೇ. ತಪ್ಪು ನನ್ನದೇ ಎಂದು ಅಣ್ಣನ ಹತ್ತಿರ ಒಪ್ಪಿಕೊಳ್ಳಬೇಕು ಎಂದು ಒಂದು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಕೇಳಿಸಿಕೊಳ್ಳುವವನೇ ಇಲ್ಲದ ಮನೆಯೊಳಗೆ ಹೇಗೆ ಬರಲಿ ಎಂದು ಹಿಂದಕ್ಕೆ ಹೋದೆ.

ನಿಮ್ಮ ಕಾಗದದಿಂದ ಆದದ್ದು ಇಷ್ಟು. ಹೋದ ವಾರದಿಂದ ಡಯಲನ್ನು ಒಂದೇ ಸಲ ನೋಡಿ ಕೊಡುತ್ತಿದ್ದೇನೆ. ಪಕ್ಕದ ಕುರ್ಚಿಯವನು ಹುಷಾರಿಲ್ಲವಾ ಎಂದು ಕೇಳಿದ.

ದೊಡ್ಡ ಮಾತು ಬರೆಯಲು ನನಗೆ ಬರುವುದಿಲ್ಲ, ಕೆಲಸದ ಮಾತು ಬರೆಯುತ್ತೇನೆ. ನಮ್ಮ ಸರ್ವಿಸ್ ಸೆಂಟರಿನಲ್ಲಿ ಹೊಸ ಗುರುತಿನ ಚೀಟಿ ಮಾಡಿಸುತ್ತಿದ್ದಾರೆ. ನನಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕು, ನಾಲ್ಕು ಪ್ರತಿ. ಇಲ್ಲಿ ಬೀದಿಗೆ ಎರಡು ಸ್ಟುಡಿಯೋ ಇವೆ, ನನಗೆ ಒಗ್ಗುವುದಿಲ್ಲ. ಬರುವ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಗೇಟಿಗೆ ಚಿಲಕ ಹಾಕಬೇಡಿ.

ಮೂರರಲ್ಲಿ ಬೇಡ, ಎರಡರಲ್ಲಿ ತೆಗೆಯಿರಿ. ರಿವ್ಯೂ ಆನ್ ಮಾಡಿ ಅದಕ್ಕೂ ರಿಜಿಸ್ಟರ್ ಒತ್ತಿ, ನಾನು ಹೇಳಿದ್ದೇನೆಂದು ಒತ್ತಿ. ಚಕ್ರ ಉಲ್ಟಾ ತಿರುಗುತ್ತದೆ, ಗಾಬರಿಯಾಗಬೇಡಿ, ಎದುರಿಗೇ ಕೂತಿರುತ್ತೇನೆ.

ಟೇಪು ಕಿತ್ತು ಬಿಸಾಡಿ. ನಾನು ಬರುವ ಮುಂಚೆ ಕ್ಯಾಮೆರಾವನ್ನು ಚೆನ್ನಾಗಿ ಒರೆಸಿಡಿ, ಮೇಲಿನ ಚಕ್ರವನ್ನೂ ಒರೆಸಿ, ಹಲ್ಲುಗಳ ನಡುವೆ ಕೂಡ. ಒರೆಸುವಾಗ ತಿರುಗಿದರೆ ತಿರುಗಲಿ. ತೆಗೆದ ಮೇಲೆ ಇಬ್ಬರೂ ನೋಡೋಣ.

ಮರಿ